ದೊಡ್ಡದು, ಸಣ್ಣದು, ನಡುಬಾಗಿಲು

ನಮ್ಮ ಮನೆಯ ನಡುಬಾಗಿಲನ್ನು ಯಾರೂ ಸುಮ್ಮನೆ ತೆರೆಯುವುದಿಲ್ಲ. ಕೈ ಚಿಲಕದ ಮೇಲೆ ಹೋಗಿ ನಿಲ್ಲುತ್ತದೆ, ಬಾಯಿ ತಾನಾಗಿಯೇ "ಒಳಗೈತಾ?" ಎಂದು ಕೇಳುತ್ತದೆ. ಆಚೆಯಿಂದ ಅವ್ವ "ಇಲ್ಲ, ತೆಗಿ" ಅನ್ನುತ್ತಾಳೆ. ಅಷ್ಟಾದ ಮೇಲೆ ಇಬ್ಬರಿಗೂ ನೆನಪಾಗುತ್ತದೆ, ನಾಯಿ ಒಳಗೂ ಇಲ್ಲ, ಹೊರಗೂ ಇಲ್ಲ. ಬಾಗಿಲಿನ ಆಚೆಗೊಂದು ಈಚೆಗೊಂದು ಬದುಕಿದ್ದ ನಮ್ಮ ಎರಡು ಹೆಣ್ಣುನಾಯಿಗಳೂ ಒಂದಾದ ಮೇಲೊಂದು ಸತ್ತು ವರ್ಷದ ಮೇಲಾಯಿತು. ಆದರೂ ಬಾಗಿಲು ತೆರೆದ ಕೂಡಲೇ ಕಾಲಿನ ಪಕ್ಕದಿಂದ ಏನೋ ನುಗ್ಗಿ ಹೋದಂತಾಗಿ ನಾನು ಸೀರೆಯ ನೆರಿಗೆ ಹಿಡಿದುಕೊಳ್ಳುತ್ತೇನೆ. ನಗುವವರು ನಗಲಿ. 

ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವವರ ಬೀದಿ. ಬೀದಿಬಾಗಿಲು ದಾಟಿದರೆ ಮಗ್ಗದ ಕೋಣೆ, ಅದರ ಹಿಂದೆ ನಡುಬಾಗಿಲು, ನಡುಬಾಗಿಲಿನಾಚೆ ಅಡುಗೆಮನೆ, ಹಿತ್ತಲು. ಮನೆ ಅಂದರೆ ಇಷ್ಟೇ. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಮೊಣಕಾಲು ಮುಳುಗುವಷ್ಟು ಆಳದ ಗುಂಡಿ, ಅದರ ಅಂಚಿನ ಹಲಗೆಯ ಮೇಲೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ತುಳಿಯುತ್ತಾ ನೇಯಬೇಕು. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅವ್ವ ಕೂತಳು. ನಾನು ತಳಕಿನ ಶಾಲೆಯಲ್ಲಿ ಟೀಚರು. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮದುವೆ ಆಗಲಿಲ್ಲ, ಅದರ ಕತೆ ಇಲ್ಲಿ ಬೇಡ.

ಮೊದಲನೇ ನಾಯಿ ಅಪ್ಪನ ಕಾಲದ್ದು. ಕರಿ ಮೈ, ಒಂದು ಕಿವಿ ಹರಿದಿತ್ತು. ಮಗ್ಗದ ಗುಂಡಿಯೇ ಅದರ ಮನೆ. ಒಳಗಿನ ಮಣ್ಣು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅವ್ವ ತುಳಿಯುತ್ತಿದ್ದರೆ ಅವಳ ಹಿಮ್ಮಡಿ ನಾಯಿಯ ಬೆನ್ನಿಗೆ ತಗುಲುತ್ತಿರಬೇಕು, ಅದು ಅರ್ಧ ಕಣ್ಣು ಮುಚ್ಚಿಕೊಂಡಿರಬೇಕು. ಇಬ್ಬರಿಗೂ ಅದರಲ್ಲೇ ಸುಖ. ಎರಡನೆಯದನ್ನು ತಂದವಳು ನಾನು. ತಳಕಿನ ಬಸ್‌ಸ್ಟ್ಯಾಂಡಿನಲ್ಲಿ ಬೊಂಡಾ ಅಂಗಡಿಯ ಕೆಳಗೆ ನಡುಗುತ್ತಿತ್ತು, ಕೆಂಚು ಮರಿ. ಊಟದ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದೆ. ಅವ್ವ ಬ್ಯಾಗಿನೊಳಗೆ ಇಣುಕಿ, "ಹೆಣ್ಣೋ ಗಂಡೋ ನೋಡ್ದೇನೆ ತಂದ್ಯಾ?" ಅಂದಳು. ನೋಡಿರಲಿಲ್ಲ. ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು ನಾನು, ಅಷ್ಟೂ ನೋಡಿರಲಿಲ್ಲ.

ಹೆಸರಿಡುವ ಗೋಜಿಗೆ ಹೋಗಲಿಲ್ಲ. ಅದು ದೊಡ್ಡದು, ಇದು ಸಣ್ಣದು. ವರ್ಷದೊಳಗೆ ಸಣ್ಣದು ದೊಡ್ಡದಕ್ಕಿಂತ ಎರಡು ಬೆರಳು ಎತ್ತರ ಬೆಳೆಯಿತು, ನಾವು ಮಾತ್ರ ಸಣ್ಣದು ಅಂತಲೇ ಕರೆದೆವು. ಆ ವರ್ಷವೆಲ್ಲ ದೊಡ್ಡದು ಅದನ್ನು ನೆಕ್ಕಿ ನೆಕ್ಕಿ ಸಾಕಿತು. ಪಕ್ಕದ ಮನೆಯಾಕೆ ರಾಯದುರ್ಗದ ಕಡೆಯಿಂದ ಬಂದವಳು, ಅವಳ ಬಾಯಲ್ಲಿ ಅರ್ಧ ತೆಲುಗು. ಅವಳೊಬ್ಬಳು ಮಾತ್ರ ತಲೆಯಾಡಿಸಿದಳು. "ಒಂದೇ ಮನ್ಯಾಗ ರೆಂಡು ಹೆಣ್ಣುಕುಕ್ಕಲಾ? ವದ್ದಮ್ಮಾ, ಬ್ಯಾಡ." ನಾನು ನಕ್ಕೆ. ಹೆಂಗಸರೇ ಇರುವ ಮನೆಗೆ ಹೆಣ್ಣುನಾಯಿಯಲ್ಲದೆ ಇನ್ನೇನು ಬರುತ್ತದೆ ಅಂದೆ. ಜಾಣತನದ ಮಾತು ಎಂದು ಆಗ ಅನಿಸಿತ್ತು.

ಮೊದಲ ಜಗಳ ಆದದ್ದು ಒಂದು ಸಂಜೆ, ನಾನು ಬಸ್ಸಿಳಿದು ಬಂದಾಗ. ಎರಡೂ ನನ್ನನ್ನು ಎದುರುಗೊಳ್ಳಲು ಬೀದಿಬಾಗಿಲಿಗೆ ಒಟ್ಟಿಗೆ ಓಡಿಬಂದವು, ಹೊಸ್ತಿಲಲ್ಲಿ ಮೈಗೆ ಮೈ ತಾಗಿತು. ಬೊಗಳಲಿಲ್ಲ, ಗುರ್ರೆನ್ನಲಿಲ್ಲ. ಎರಡೂ ಮರದ ಹಾಗೆ ಸೆಟೆದು ನಿಂತವು. ಆ ನಿಶ್ಶಬ್ದ ಎಷ್ಟು ಹೊತ್ತು ಇತ್ತೋ, ಉಸಿರೊಂದರಷ್ಟೇ ಇದ್ದೀತು. ಆಮೇಲೆ ಒಂದರ ಕೊರಳು ಇನ್ನೊಂದರ ಬಾಯಲ್ಲಿ. ನಾನು ಕಿರುಚಿದೆ. ಕಿರುಚಿದಷ್ಟೂ ಹೆಚ್ಚಾಯಿತು. ಅವ್ವ ಹಿತ್ತಲಿನಿಂದ ಮನೆ ಪಕ್ಕದ ಸಂದಿ ಸುತ್ತಿ ಕೊಡ ತಂದು ಅವುಗಳ ತಲೆಯ ಮೇಲೆ ಸುರಿದಳು. ತಣ್ಣೀರು ಬಿದ್ದದ್ದೇ ತಡ ಎರಡೂ ಬಾಯಿ ಬಿಟ್ಟು, ತಾವೆಲ್ಲಿದ್ದೇವೆ ಎಂದು ಗೊತ್ತಿಲ್ಲದವರ ಹಾಗೆ ಮೈ ಕೊಡವಿದವು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಜಗಳ ಬಿಡಿಸುವುದೇ ಒಂದು ಕಸುಬಾಯಿತು. ಪೊರಕೆಯಲ್ಲಿ ಹೊಡೆದು ನೋಡಿದೆವು, ಪೊರಕೆ ಮುರಿಯಿತು. ತಟ್ಟೆ ಬಡಿದೆವು. ಪಕ್ಕದ ಮನೆಯಾಕೆ ಖಾರದ ಪುಡಿ ಎರಚಿದಳು, ನಾಯಿಗಳನ್ನು ಬಿಟ್ಟು ಮಿಕ್ಕವರೆಲ್ಲ ಕಣ್ಣೀರು ಸುರಿಸಿಕೊಂಡು ಸೀನಿದೆವು. ಕೊನೆಗೆ ಗೂಡ್ಸ್ ಆಟೋದ ಎರಡು ಮೂಲೆಗೆ ಎರಡನ್ನೂ ಕಟ್ಟಿಕೊಂಡು ಚಳ್ಳಕೆರೆಯ ದನದ ಡಾಕ್ಟರ ಹತ್ತಿರ ಹೋದೆವು. ಆಪರೇಷನ್ ಆಯಿತು. ಆದರೆ ಅವರು ಆಸೆ ಹುಟ್ಟಿಸಲಿಲ್ಲ.

"ಆಪರೇಷನ್ ಮಾಡಿದ್ದಕ್ಕೇ ಜಗಳ ನಿಲ್ತದೆ ಅನ್ಕೋಬೇಡಿ ಮೇಡಂ. ಗಂಡು ನಾಯಿಗಳು ಕಚ್ಚಾಡಿ ಮರೆತುಬಿಡ್ತಾವೆ. ಇವು ಮರೆಯಲ್ಲ. ಬೇರೆ ಬೇರೆ ಇಡಿ. ಹಿಡ್ಕೊಂಡ್ರೆ ನೀರು ಹಾಕಿ, ಇಲ್ಲಾಂದ್ರೆ ಕಂಬಳಿ ಮುಚ್ಚಿ, ಹಿಂಗಾಲು ಹಿಡಿದು ಇಬ್ಬರೂ ಒಟ್ಟಿಗೆ ಹಿಂದಕ್ಕೆ ಎಳೀರಿ. ಕೈ ಮಾತ್ರ ನಡುವೆ ಹಾಕ್ಬೇಡಿ." ಅಷ್ಟು ಹೇಳಿ, ಜಗಳ ಮುಗಿದ ಮೇಲೆ ನಾವೇನು ಮಾಡುತ್ತೇವೆ ಎಂದು ಕೇಳಿದರು. ನಾನು ಸಣ್ಣದನ್ನು ಸಮಾಧಾನ ಮಾಡುತ್ತೇನೆ, ಅವ್ವ ದೊಡ್ಡದನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತಾಳೆ ಅಂದೆ. "ಮತ್ತೆ ನೀವಿಬ್ಬರೇ ಪಕ್ಷ ಕಟ್ಟಿದ್ದೀರಲ್ಲ" ಎಂದರು. ವಾಪಸು ಬರುವಾಗ ಆಟೋದಲ್ಲಿ ನಾನು ಸಣ್ಣದರ ಮೂಲೆಗೆ ಕೂತೆ, ಅವ್ವ ದೊಡ್ಡದರ ಮೂಲೆಗೆ.

ನಾನು ಟೀಚರಲ್ಲವೇ, ಟೈಂಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ದೊಡ್ಡದು ಮಗ್ಗದ ಕೋಣೆಯಲ್ಲಿ, ಸಣ್ಣದು ಹಿತ್ತಲಲ್ಲಿ. ಆಮೇಲೆ ಅದಲು ಬದಲು. ನಡುಬಾಗಿಲಿನ ಚಿಲಕ ತೆಗೆಯುವ ಮೊದಲು "ಒಳಗೈತಾ?" ಎಂದು ಕೇಳಲೇಬೇಕು, ಉತ್ತರ ಬಂದ ಮೇಲೆಯೇ ತೆಗೆಯಬೇಕು. ಅವ್ವನಿಗೆ ಓದು ಬರುವುದಿಲ್ಲ, ಆದರೂ ಆ ಕಾಗದವನ್ನು ನನಗಿಂತ ಚೆನ್ನಾಗಿ ಪಾಲಿಸಿದಳು. ಕಂಬಳಿಯನ್ನು ಹಗ್ಗದ ಮೇಲೆ ಸದಾ ಕೈಗೆ ಸಿಗುವ ಹಾಗೆ ಹಾಕಿದೆವು. ನಲ್ಲಿ ನೀರು ದಿನ ಬಿಟ್ಟು ದಿನ ಬರುವುದರಿಂದ ತುಂಬಿದ ಕೊಡಗಳ ಸಾಲು ಹೇಗೂ ನಡುಬಾಗಿಲಿನ ಪಕ್ಕ, ಅಡುಗೆಮನೆ ಕಡೆ, ಇದ್ದೇ ಇರುತ್ತಿತ್ತು. ಹಿತ್ತಲಲ್ಲಿ ಹಿಡಿದುಕೊಂಡರೆ ನೀರು. ಬೀದಿಯಲ್ಲಿ ಹಿಡಿದುಕೊಂಡರೆ ನೀರು. ನೀರಿಗೆ ಅವು ಸೋಲದೆ ಇದ್ದ ದಿನವೇ ಇಲ್ಲ.

ಮಗ್ಗದ ಕೋಣೆಯಲ್ಲಿ ಮಾತ್ರ ನೀರಿಲ್ಲ. ಇದು ನಾಯಿಗಳಿಗಾಗಿ ಮಾಡಿದ ನಿಯಮವಲ್ಲ, ನಮ್ಮ ಮುತ್ತಜ್ಜಿಯರ ಕಾಲದಿಂದ ಬಂದದ್ದು. ಮಗ್ಗಕ್ಕೆ ಉದ್ದಕ್ಕೆ ಹೂಡಿದ ರೇಷ್ಮೆ ಎಳೆಗಳನ್ನು ನಾವು ಹಾಸು ಅನ್ನುತ್ತೇವೆ. ಹಾಸಿನ ಮೇಲೆ ನೀರು ಬಿದ್ದರೆ ಗಂಜಿ ಬಿಡುತ್ತದೆ, ಎಳೆಗೆ ಎಳೆ ಅಂಟುತ್ತದೆ, ಬಣ್ಣ ಇಳಿಯುತ್ತದೆ, ಸೀರೆ ಕೆಡುತ್ತದೆ. ಹಾಸು ಯಾವತ್ತೂ ನಮ್ಮದಲ್ಲ, ರೇಷ್ಮೆ ಕೊಟ್ಟವರದು. ಆದ್ದರಿಂದ ನೇಯುವವರ ಮನೆಯಲ್ಲಿ ಏನು ಬಿದ್ದರೂ, ಯಾರು ಎಡವಿದರೂ, ಬಾಯಿಂದ ಮೊದಲು ಬರುವ ಕೂಗು "ಹಾಸು!" ನಾನು ನಾಲ್ಕು ವರ್ಷದವಳಿದ್ದಾಗ ಅಪ್ಪನಿಗೆ ಕುಡಿಯಲು ಲೋಟದಲ್ಲಿ ನೀರು ತೆಗೆದುಕೊಂಡು ಹೋಗಿ ಎಡವಿ ಬಿದ್ದೆನಂತೆ. ಗಲ್ಲ ಸೀಳಿ ರಕ್ತ ಸುರಿಯುತ್ತಿದ್ದರೆ ಅಪ್ಪ ಅವ್ವ ಇಬ್ಬರೂ ಒಟ್ಟಿಗೆ "ಹಾಸು!" ಎಂದು ಕೂಗಿ ಮಗ್ಗದ ಕಡೆ ಓಡಿದರಂತೆ. ಅವ್ವ ಇದನ್ನು ಬಂದವರಿಗೆಲ್ಲ ನಗುತ್ತಾ ಹೇಳುತ್ತಿದ್ದಳು. ಗಲ್ಲದ ಮೇಲೆ ಗೆರೆ ಈಗಲೂ ಐತೆ ನೋಡ್ರಿ ಎಂದು ನನ್ನ ಮುಖ ತಿರುಗಿಸಿ ತೋರಿಸುತ್ತಿದ್ದಳು. ನಾನೂ ನಗುತ್ತಿದ್ದೆ.

ಅವ್ವನ ಬೆರಳಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಹಾಸು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಬಲಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಚಿಟಿಕೆ ಬೂದಿ, ಒಂದು ಹೊಸೆತ, ಮುಗಿಯಿತು. ನಮ್ಮ ಬೀದಿಯಲ್ಲಿ ಅವ್ವನಷ್ಟು ಚುರುಕಾಗಿ ಹೊಸೆಯುವವರಿರಲಿಲ್ಲ. ಅವಳು ಕೂಡಿಸಿದ ಎಳೆ ಬಿಚ್ಚಿತು ಎಂದು ಯಾರೂ ಹೇಳಿದ್ದು ಕೇಳಿಲ್ಲ. ಬೇರೆ ಮನೆಯವರು ಕರೆದುಕೊಂಡು ಹೋಗುವರು, ಅವಳು ಎಲೆಅಡಿಕೆ ಹಾಕಿಕೊಂಡು ರಾಣಿಯ ಹಾಗೆ ಕೂತು ಹೊಸೆದು ಬರುವಳು. ಅವಳಿಗೆ ಗರ್ವ ಎಂದು ಇದ್ದದ್ದು ಅದೊಂದೇ.

ಅದು ಶನಿವಾರ. ಶಾಲೆ ಅರ್ಧ ದಿನ. ಶನಿವಾರಗಳಲ್ಲಿ ನಾನು ತಳಕಿನಿಂದ ಚಳ್ಳಕೆರೆಗೆ ಹೋಗಿ ಮನೆಗೆ ಬೇಕಾದದ್ದು ಕೊಂಡು ಸಂಜೆಗೆ ಬರುತ್ತಿದ್ದೆ. ಅವತ್ತು ತಲೆನೋವು, ನೇರವಾಗಿ ಮನೆಗೆ ಬಂದೆ. ಬಿಸಿಲಿಗೆ ಹೆದರಿ ಸಂದಿಯ ನೆರಳಿನಲ್ಲಿ ಹಿತ್ತಲಿನಿಂದಲೇ ಒಳಗೆ ಬಂದೆ. ಸಣ್ಣದು ಕುಣಿದು ಮೈಮೇಲೆ ಬಿತ್ತು. ಮುಂದುಗಡೆ ಲಾಳಿಯ ಸದ್ದು ಕೇಳುತ್ತಿತ್ತು. ಅದಲು ಬದಲಿನ ಹೊತ್ತಾಗಿತ್ತು, ಅವ್ವ ದೊಡ್ಡದನ್ನು ಆಗಲೇ ಹೊರಗೆ ಬಿಟ್ಟಿರುತ್ತಾಳೆ, ಅದು ಬೀದಿಯ ಬೇವಿನ ಮರದ ಬುಡದಲ್ಲಿ ಮಲಗಿರುತ್ತದೆ ಎಂದು ನನ್ನ ಲೆಕ್ಕ. ನಾನೇ ಬರೆದ ನಿಯಮ ನಾನೇ ಮರೆತೆ. ಕೇಳಲಿಲ್ಲ. ಚಿಲಕ ತೆಗೆದೆ.

ದೊಡ್ಡದು ಗುಂಡಿಯಲ್ಲಿತ್ತು, ಅವ್ವನ ಕಾಲಿನ ಹತ್ತಿರ.

ಸಣ್ಣದು ನನ್ನ ಕಾಲಿನ ಪಕ್ಕದಿಂದ ನುಗ್ಗಿ ಹೋಯಿತು. ಮತ್ತೆ ಅದೇ ನಿಶ್ಶಬ್ದ, ಲಾಳಿಯೂ ನಿಂತಿತು. ಆಮೇಲೆ ಗುಂಡಿಯೊಳಗೆ ಎರಡೂ ಸುತ್ತಿಕೊಂಡು ಉರುಳಾಡಿದವು, ಕೆಳಗಿನಿಂದ ಹಾಸು ಏಳುತ್ತಿತ್ತು, ಬೀಳುತ್ತಿತ್ತು. ಅವ್ವ ಗಾಬರಿಯಾದರೂ ಬುದ್ಧಿ ಕಳೆದುಕೊಳ್ಳಲಿಲ್ಲ. ಎರಡೂ ಕಾಲನ್ನು ಹಲಗೆಯ ಮೇಲೆ ಎಳೆದುಕೊಂಡು ಹಿಂದಕ್ಕೆ ಸರಿದಳು. ಒಂದು ಕ್ಷಣ ಅವಳು ಪೂರ್ತಿ ಹೊರಗಿದ್ದಳು. ಅವಳ ಮೈಗೆ ಏನೂ ಆಗಿರಲಿಲ್ಲ. ನಾನು ನಡುಬಾಗಿಲಲ್ಲಿ ನಿಂತಿದ್ದೆ. ನನ್ನ ಬಲಗಾಲಿಗೆ ತಗುಲಿಕೊಂಡು ತುಂಬಿದ ಕೊಡ ಇತ್ತು. ಅದರ ತಂಪು ಸೀರೆಯ ಮೂಲಕ ಮೀನಖಂಡಕ್ಕೆ ತಿಳಿಯುತ್ತಿತ್ತು. ಅದನ್ನು ನಾನು ನೋಡಿದೆ ಕೂಡ. ಎತ್ತಿ ಸುರಿದಿದ್ದರೆ ಮುಗಿಯುತ್ತಿತ್ತು.

"ಅವ್ವಾ, ಹಾಸು!" ಎಂದು ಕೂಗಿದೆ.

ಅವ್ವ ತಿರುಗಿದಳು. ಎಳೆ ಸಿಕ್ಕಾದಾಗ ಹೇಗೆ ಬೆರಳು ಹಾಕುತ್ತಾಳೋ ಹಾಗೆಯೇ ಎರಡೂ ಕೈಯನ್ನು ಆ ನಾಯಿಗಳ ನಡುವೆ ಹಾಕಿದಳು.

ಪಕ್ಕದ ಮನೆಯಾಕೆ ಓಡಿಬಂದು ಕಂಬಳಿ ಮುಚ್ಚಿದಳು, ಅವಳ ಗಂಡ ಹಿಂಗಾಲು ಹಿಡಿದು ಎಳೆದ. ಯಾವ ನಾಯಿ ಕಚ್ಚಿತು ಎಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ, ನಾಯಿಗಳಿಗೂ ಗೊತ್ತಿರಲಿಕ್ಕಿಲ್ಲ. ಅವ್ವನ ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ಬುಡದ ತನಕ ಸೀಳಿದ್ದವು. ನಾನು ಟವೆಲ್ಲು ಸುತ್ತುತ್ತಿದ್ದರೆ ಅವಳು ಮಗ್ಗ ನೋಡುತ್ತಿದ್ದಳು. ಸೀರೆಯ ಮೇಲೆ ಒಂದು ಹನಿ ರಕ್ತ ಬಿದ್ದಿತ್ತು. ಎಡಗೈ ಬೆರಳಿಗೆ ಎಂಜಲು ಹಚ್ಚಿ ಅದನ್ನು ಒರೆಸಿ, ಹೋಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿ, ಆಮೇಲೆ ಆಸ್ಪತ್ರೆಗೆ ಎದ್ದಳು.

ಹಾಸಿನ ಒಂದು ಎಳೆಯೂ ಹರಿದಿರಲಿಲ್ಲ. ಆ ಸೀರೆಯನ್ನು ಪಕ್ಕದ ಮನೆಯವರು ನೇಯ್ದು ಮುಗಿಸಿದರು. ಅದು ಯಾವುದೋ ಊರಿನ ಯಾವುದೋ ಮದುಮಗಳ ಮೈಮೇಲೆ ಹೋಯಿತು. ಅವಳು ಅದನ್ನು ಉಟ್ಟಾಗ ಅವ್ವ ಒರೆಸಿದ ಜಾಗ ಎಲ್ಲಿ ಬರುತ್ತದೆ, ನೆರಿಗೆಯೊಳಗೋ ಸೆರಗಿನ ಮೇಲೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಊರಿನಲ್ಲಿ ಹೊಲಿಗೆ, ಸೂಜಿ ಎಲ್ಲ ಆಯಿತು. ಚಳ್ಳಕೆರೆಯ ಮೂಳೆ ಡಾಕ್ಟರಿಗೆ ತೋರಿಸಲು ತಿಂಗಳುಗಟ್ಟಲೆ ಓಡಾಡಿದೆವು. ಗಾಯ ಮಾಯಿತು. ಹೆಬ್ಬೆರಳು ಬಾಗಲಿಲ್ಲ. ತೋರುಬೆರಳಿನ ತುದಿಗೆ ಸ್ಪರ್ಶ ಬರಲಿಲ್ಲ. ಅವ್ವ ಒಂದು ಮಧ್ಯಾಹ್ನ ಬೂದಿ ತೆಗೆದುಕೊಂಡು ಎರಡು ಎಳೆ ಹೊಸೆಯಲು ನೋಡಿದಳು. ಎಳೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಅವಳು ಬೂದಿಯ ಬಟ್ಟಲನ್ನು ಗೂಡಿನಲ್ಲಿಟ್ಟು, ಅನ್ನಕ್ಕೆ ಇಡ್ತೀನಿ ಎಂದು ಎದ್ದು ಹೋದಳು. ಮತ್ತೆಂದೂ ಆ ಬಟ್ಟಲನ್ನು ಇಳಿಸಲಿಲ್ಲ.

ಬಾಗಿಲು ಕೇಳದೆ ತೆಗೆದ ತಪ್ಪನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೆ. ಸ್ಟಾಫ್‌ರೂಮಿನಲ್ಲಿ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದೆ, ಅವ್ವನ ಮುಂದೆ ಅತ್ತೆ. ಎಲ್ಲರೂ ನಿಂದೇನು ತಪ್ಪು, ಮರೆವು ಯಾರಿಗೆ ಇರಲ್ಲ ಅಂದರು. ಆ ಕೊಡದ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ಅದನ್ನು ಮುಚ್ಚಿಡಲೆಂದೇ ಇದನ್ನು ಅಷ್ಟು ಹೇಳುತ್ತಿದ್ದೆ. ಅವ್ವ ನಾಯಿಗಳ ಕಡೆ ತಿರುಗಿದ್ದಳು, ನನ್ನ ಕಾಲಿನ ಹತ್ತಿರ ಏನಿತ್ತು ಎಂದು ಅವಳು ನೋಡಿರಲಾರಳು ಎಂದು ನನಗೆ ನಾನೇ ಹೇಳಿಕೊಂಡೆ.

ಸಣ್ಣದನ್ನು ಕೊಂಡ್ಲಹಳ್ಳಿಯ ಕಡೆಯ ಒಬ್ಬ ಕುರಿಗಾಹಿಗೆ ಕೊಟ್ಟೆವು. ನಮಗೆ ಕಂಬಳಿ ತಂದುಕೊಡುತ್ತಿದ್ದವನು ಅವನೇ. ನಾನು ತಂದದ್ದು, ನಾನೇ ಹಗ್ಗ ಕಟ್ಟಿ ಕೊಟ್ಟೆ. ಅದು ಹೋದ ಮೇಲೆ ಮನೆಯಲ್ಲಿ ಶಾಂತಿ ಇರಬೇಕಿತ್ತು. ಆದರೆ ದೊಡ್ಡದು ದಿನಾ ಸಂಜೆ ನಡುಬಾಗಿಲಿನ ಕೆಳಗಿನ ಸಂದಿಗೆ ಮೂಗಿಟ್ಟು ನಿಲ್ಲುತ್ತಿತ್ತು. ಬೆನ್ನ ಮೇಲಿನ ಕೂದಲು ನಿಗುರುತ್ತಿತ್ತು, ಮೈ ಸೆಟೆಯುತ್ತಿತ್ತು. ಆಚೆ ಯಾರೂ ಇರಲಿಲ್ಲ. ನಾನು ಬಾಗಿಲು ತೆರೆದು ತೋರಿಸಿದೆ, ನೋಡು, ಏನಿಲ್ಲ. ಅದು ಖಾಲಿ ಅಡುಗೆಮನೆಯನ್ನೇ ದಿಟ್ಟಿಸಿ ಗುರ್ರೆಂದಿತು. ನನಗೂ ಅಲ್ಲಿ ನಿಲ್ಲಲು ಧೈರ್ಯ ಬರಲಿಲ್ಲ. "ಒಳಗೈತಾ?" ಎಂದು ಕೇಳುವುದನ್ನು ಇಬ್ಬರೂ ಬಿಡಲಿಲ್ಲ.

ಹೊಸ ಹಾಸು ಬಂತು. ಎಳೆ ಹೊಸೆಯಲು ಬೇರೆ ಬೀದಿಯಿಂದ ಹೆಂಗಸನ್ನು ಕರೆಸಿದೆವು. ಅವಳು ಹೊಸೆಯುವಷ್ಟು ಹೊತ್ತೂ ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕಿದಳು, ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ಭಾನುವಾರಗಳಲ್ಲಿ, ರಜೆಗಳಲ್ಲಿ ನಾನು ಮಗ್ಗದಲ್ಲಿ ಕೂತೆ. ಹುಟ್ಟಿದ ಮನೆಯ ವಿದ್ಯೆ, ಮರೆತಿರಲಿಲ್ಲ, ಆದರೆ ಕೈ ಮಂದ. ಅವ್ವ ನಡುಬಾಗಿಲಿನ ಹೊಸ್ತಿಲ ಮೇಲೆ ಕೂತು "ತುಳಿ, ಈಗ ಬಡಿ, ಅಷ್ಟು ಜೋರಾಗಿ ಬ್ಯಾಡ" ಎಂದು ಹೇಳಿಕೊಡುತ್ತಿದ್ದಳು. ದೊಡ್ಡದಕ್ಕೆ ಕಾಲು ಯಾರದಾದರೇನು, ಗುಂಡಿಗೆ ಬಂದು ನನ್ನ ಹಿಮ್ಮಡಿಗೆ ಬೆನ್ನು ಕೊಟ್ಟು ಮಲಗಿತು.

ಹಾಗೆ ಒಂದು ಭಾನುವಾರ, ಬೆಳಗಿನ ಹತ್ತು ಗಂಟೆಯ ಸುಮಾರು. ಬೆಳಕಿಗೆಂದು ಬೀದಿಬಾಗಿಲು ತೆರೆದಿತ್ತು. ನಲ್ಲಿ ನೀರು ಬಂದು ಹೋಗಿತ್ತು, ಕೊಡಗಳು ಸಾಲಾಗಿ ತುಂಬಿದ್ದವು. ತಲೆ ಎತ್ತಿದರೆ ಬೀದಿಬಾಗಿಲಲ್ಲಿ ಸಣ್ಣದು ನಿಂತಿತ್ತು. ಕೊರಳಲ್ಲಿ ಕಡಿದ ಹಗ್ಗ, ಪಕ್ಕೆಲುಬು ಎಣಿಸಬಹುದಿತ್ತು, ಕೊಂಡ್ಲಹಳ್ಳಿಯಿಂದ ಅಷ್ಟು ದೂರ ಹೇಗೆ ದಾರಿ ಹುಡುಕಿತೋ. ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಆ ಕ್ಷಣ ನನಗೆ ಬರೀ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ನನ್ನ ಕಾಲಿನ ಕೆಳಗೆ ಬೆಚ್ಚನೆಯ ಬೆನ್ನು ಸೆಟೆದುಕೊಂಡದ್ದು ತಿಳಿಯಿತು.

ಸಣ್ಣದು ಗುಂಡಿಗೇ ಹಾರಿತು. ನಾನು ಕಾಲು ಎತ್ತಿಕೊಳ್ಳಲಿಲ್ಲ. ಎರಡೂ ಅಂಗೈಯನ್ನು ಅಗಲಿಸಿ ಹಾಸಿನ ಮೇಲೆ ಒತ್ತಿ ಹಿಡಿದೆ. ನಾಯಿಗಳ ಉಸಿರು ಮೊಣಕಾಲಿಗೆ ಬಡಿಯುತ್ತಿತ್ತು, ಹಲ್ಲು ಹಲ್ಲಿಗೆ ತಾಗುವ ಸದ್ದು ಕೇಳುತ್ತಿತ್ತು, ನಾನು ಹಾಸು ಹಿಡಿದುಕೊಂಡೇ ಇದ್ದೆ.

"ಕೈ ತೆಗಿಯೇ! ಕಾಲು ಮ್ಯಾಲೆತ್ತು!"

ಅವ್ವ ಹಾಗೆ ಕೂಗಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ತಿರುಗಿ ನೋಡಿದರೆ ಅವಳು ಒಂದು ಕೊಡವನ್ನು ಬಲಗೈ ಮೊಣಕೈಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು, ಎಡಗೈಯನ್ನು ಬುಡಕ್ಕೆ ಕೊಟ್ಟು ಹೊಸ್ತಿಲು ದಾಟಿ ಬರುತ್ತಿದ್ದಳು. ಮಗ್ಗದ ಕೋಣೆಯೊಳಗೆ ತುಂಬಿದ ಕೊಡ ಬಂದದ್ದು ಅದೇ ಮೊದಲು. ಅವಳು ನಿಲ್ಲಲಿಲ್ಲ, ಯೋಚಿಸಲಿಲ್ಲ. ಹಾಸಿನ ಮೇಲೆ, ನನ್ನ ಕೈಮೇಲೆ, ನೇಯ್ದ ಸೀರೆಯ ಮೇಲೆ, ಗುಂಡಿಯೊಳಗೆ ಅಷ್ಟೂ ಸುರಿದಳು. ಹೋಗಿ ಇನ್ನೊಂದು ತಂದು ಅದನ್ನೂ ಸುರಿದಳು.

ಎರಡೂ ಬಾಯಿ ಬಿಟ್ಟವು. ನಾನು ಸಣ್ಣದರ ಹಿಂಗಾಲು ಹಿಡಿದು ಎಳೆದುಕೊಂಡು ಹೋಗಿ ಹಿತ್ತಲಿಗೆ ಹಾಕಿ ನಡುಬಾಗಿಲಿನ ಚಿಲಕ ಹಾಕಿದೆ. ದೊಡ್ಡದು ಗುಂಡಿಯಲ್ಲೇ ನಡುಗುತ್ತಾ ನಿಂತಿತ್ತು. ಅವ್ವ ಅದರ ಮೇಲೆ ಕಂಬಳಿ ಹಾಕಿದಳು. ನನ್ನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಒಂದೊಂದೇ ಬೆರಳು ಮಡಿಸಿ ಬಿಡಿಸಿದಳು. ಕಾಲು ನೋಡಿದಳು. ಒಂದು ಗೀರೂ ಇರಲಿಲ್ಲ.

ಹಾಸು ಒದ್ದೆಯಾಗಿ ಜೋತುಬಿದ್ದಿತ್ತು. ಅಂಚಿನ ಕೆಂಪು ಮೈಯ ಹಳದಿಗೆ ಇಳಿಯುತ್ತಿತ್ತು, ಅಲ್ಲಿಂದ ಗುಂಡಿಯ ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿದ್ದೇ ನನ್ನ ಬಾಯಿಂದ ಬಂತು, "ರೇಷ್ಮೆ ಕೊಟ್ಟೋರಿಗೆ ಏನಂತ ಹೇಳೋದವ್ವಾ?"

ಅವ್ವ ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅವಳ ಬಾಗದ ಹೆಬ್ಬೆರಳು ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು.

"ಅವತ್ತೂ ಕೊಡ ತುಂಬೇ ಇತ್ತು" ಅಂದಳು. ಬೈಯುವ ದನಿಯಲ್ಲ, ನಲ್ಲಿ ನೀರು ಬಂತು ಎಂದು ಹೇಳುವ ದನಿ. "ನಿನ್ನ ಕಾಲ ಬುಡದಾಗೇ ಇತ್ತು."

ನಾನು ಹೂಂ ಅಂದೆ.